ಮೆಂಬರ್ರಿಗೆ ಕೊಟ್ಟ ಬಿಳಿ ಹಾಳೆಗಳು

ಹೋದ ತಿಂಗಳು ಒಂದು ಮಂಗಳವಾರ ಮೂರು ಜನ ಮನೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಬ್ಬನ ಕಂಕುಳಲ್ಲಿ ಚರ್ಮದ ಬ್ಯಾಗು. ಚಂದಾ ಕೇಳಲು ಬಂದಿರಬೇಕು ಅಂದುಕೊಂಡೆ. ಅಲ್ಲವಂತೆ. ಹತ್ತಿರ ಹತ್ತಿರ ನಲವತ್ತು ವರ್ಷ ನಮ್ಮ ಸೀಮೆಯ ಪರವಾಗಿ ಮದರಾಸಿನ ಶಾಸನಸಭೆಯಲ್ಲಿ ಕೂತಿದ್ದ ಮೆಂಬರ್ರು ಹುಟ್ಟಿ ನೂರು ವರ್ಷವಾಯಿತಂತೆ. ಹೊಸೂರಿನಲ್ಲಿ ಸಭೆ ಸೇರಿಸಿ ಅವರ ದೊಡ್ಡ ಪಟ ಇಡುತ್ತಾರಂತೆ, ನೆನಪಿನ ಸಂಚಿಕೆಯೊಂದನ್ನು ಅಚ್ಚು ಹಾಕಿಸುತ್ತಾರಂತೆ. ಅದನ್ನು ಅವರು ತಮಿಳಿನಲ್ಲಿ ಮಲರ್ ಎನ್ನುತ್ತಿದ್ದರು.

"ನೀವು ಅವರ ಬಂಗ್ಲೆನಾಗೆ ರೈಟರ್ ಆಗಿದ್ರಂತಲ್ಲ ಮೇಷ್ಟ್ರೇ," ಎಂದ ಅವರಲ್ಲಿ ಹಿರಿಯ. "ಅವ್ರನ್ನ ಹತ್ರದಿಂದ ನೋಡ್ದೋರು ಈಗ ಉಳ್ದಿರೋದು ನೀವೊಬ್ರೇ. ನಿಮ್ದೊಂದು ಲೇಖನ ಇದ್ರೆ ಮಲರ್‌ಗೆ ಒಂದು ತೂಕ ಬತ್ತದೆ."

ಕೈ ನಡುಗುತ್ತದೆ ಕಣಪ್ಪ, ಬರೆಯಲಾಗುವುದಿಲ್ಲ ಎಂದೆ. ಅದು ಸುಳ್ಳಲ್ಲ. ಎರಡು ವರ್ಷದಿಂದ ಸಹಿ ಮಾಡುವುದಕ್ಕೂ ಎಡಗೈಯಲ್ಲಿ ಬಲಗೈ ಹಿಡಿದುಕೊಳ್ಳಬೇಕು. ಅವನು ನಕ್ಕು ಬ್ಯಾಗಿನಿಂದ ಎರಡು ಹಾಳೆ ತೆಗೆದ. ಮೇಲೆ ಮೆಂಬರ್ರ ಸಣ್ಣ ಚಿತ್ರ ಅಚ್ಚಾಗಿತ್ತು, ಕೆಳಗೆ ಪೆನ್ಸಿಲಿನಲ್ಲಿ ಒಂದು ಗುರುತು, ಮಧ್ಯೆ ಪೂರ್ತಿ ಖಾಲಿ.

"ಅದ್ಕೇನ್ ಬುಡಿ ಮೇಷ್ಟ್ರೇ. ಈ ಗುರ್ತು ಇರೋ ಕಡೆ ಒಂದು ಸಹಿ ಹಾಕ್ಬುಡಿ. ಸಹಿ ಆಗ್ದಿದ್ರೆ ಹೆಬ್ಬೆಟ್ಟಾದ್ರೂ ನಡೀತದೆ. ಮೇಲಿಂದು ನಾವೇ ಬರ್ಕೋತೀವಿ."

ಹೀಗೆಂದು ತಗಡಿನ ಡಬ್ಬಿಯೊಂದನ್ನು ತೆಗೆದು ನನ್ನ ಮುಂದೆ ಮುಚ್ಚಳ ಬಿಚ್ಚಿದ. ಹೆಬ್ಬೆಟ್ಟು ಒತ್ತುವ ಮಸಿ. ಎಣ್ಣೆಯೂ ಮಸಿಯೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಏನಾಯಿತೋ ತಿಳಿಯದು. "ಎದ್ದು ನಡೀರಿ ಆಚೆ!" ಎಂದು ಕೂಗಿದೆ. ಇನ್ನೂ ಏನೇನೋ ಅಂದೆ. ಒಳಗಿನಿಂದ ಸೊಸೆ ಓಡಿ ಬಂದಳು. ಪಾಪ, ಅವರು ಹಾಳೆ, ಡಬ್ಬಿ ಎಲ್ಲ ಅಲ್ಲೇ ಬಿಟ್ಟು ಮೆಟ್ಟಿಲಿಳಿದರು. ಪಾಪ ಎಂದು ಈಗ ಬರೆಯುತ್ತಿದ್ದೇನೆ, ಆಗ ಅನ್ನಿಸಿರಲಿಲ್ಲ. ಅವರು ಹೋದ ಮೇಲೂ ಡಬ್ಬಿ ಬಾಯಿ ತೆರೆದುಕೊಂಡೇ ಇತ್ತು.

ಆ ವಾಸನೆ ನನ್ನ ಮಟ್ಟಿಗೆ ಒಂದೇ ಒಂದು ಮಳೆಗಾಲದ ವಾಸನೆ. ಎರಡನೇ ಮಹಾಯುದ್ಧ ಮುಗಿದ ಮರುವರ್ಷದ್ದು.

ನಮ್ಮೂರು ಕೆಂಚನದೊಡ್ಡಿ, ಅಂಚೆಟ್ಟಿಯಿಂದಾಚೆ ಒಂದು ಗುಡ್ಡ ಹತ್ತಿ ಇನ್ನೊಂದು ಗುಡ್ಡ ಇಳಿದರೆ ಸಿಗುತ್ತದೆ. ಹೊಸೂರಿನಿಂದ ಡೆಂಕಣಿಕೋಟೆಯವರೆಗೆ ಬಸ್ಸು, ಆಮೇಲೆ ಕಾಲು. ಆಗಿನ ಬಸ್ಸುಗಳು ಪೆಟ್ರೋಲು ಸಿಗದೆ ಹಿಂದುಗಡೆ ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಆ ಇದ್ದಿಲೂ ನಮ್ಮ ಕಾಡಿನದೇ. ಯುದ್ಧದ ನಾಲ್ಕಾರು ವರ್ಷ ಕಂಟ್ರಾಕ್ಟರುಗಳು ಬೆಟ್ಟ ಬೆಟ್ಟವನ್ನೇ ಕಡಿದು ಸುಟ್ಟಾಗ ಕಾಡು ಹಾಳಾಗುತ್ತದೆ ಎಂದು ಯಾವ ಆಫೀಸರನೂ ಬಾಯಿ ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಎಲ್ಲರಿಗೂ ಒಟ್ಟಿಗೆ ನಮ್ಮ ದನಗಳು ಕಣ್ಣಿಗೆ ಬಿದ್ದವು.

ದೊಡ್ಡಿ ಎಂದರೆ ಏನೆಂದು ಈಗಿನವರಿಗೆ ಹೇಳಬೇಕು. ಮೇಲುಗಾಡಿನಲ್ಲಿ ಮುಳ್ಳುಬೇಲಿ ಕಟ್ಟಿದ ದೊಡ್ಡ ಬಯಲು. ಮೊದಲ ಮಳೆ ಬಿದ್ದು ಹೊಲಗಳಲ್ಲಿ ಬಿತ್ತನೆ ಶುರುವಾದ ಕೂಡಲೇ ಊರಿನ ದನಗಳೆಲ್ಲ ಅಲ್ಲಿಗೆ ಹೋಗಬೇಕು, ರಾಗಿ ಕೊಯ್ದ ಮೇಲೆಯೇ ಕೆಳಗಿಳಿಯಬೇಕು. ಗಂಡಸರು ಸರದಿಯಲ್ಲಿ ರಾಗಿಹಿಟ್ಟು ಹೊತ್ತು ಮೇಲೆ ಹೋಗುವರು, ಬೆಣ್ಣೆ ಹೊತ್ತು ಕೆಳಗೆ ಬರುವರು. ಹೊಲ ಒಂದು ಕಡೆ, ದನ ಒಂದು ಕಡೆ, ಎರಡೂ ಬದುಕುತ್ತಿದ್ದವು. ದನ ಮೇಲೆ ಹೋಗುವ ದಿನ ಒಂದೊಂದು ಮನೆಯವನೂ ತನ್ನ ಹೊಲದ ಒಂದು ಹಿಡಿ ಮಣ್ಣು ಒಯ್ದು ದೊಡ್ಡಿಯ ಬಾಗಿಲಲ್ಲಿ ಸುರಿಯುವುದು ನಮ್ಮಲ್ಲಿ ರೂಢಿ. ಅದನ್ನು ತುಳಿದು ಒಳಗೆ ಹೋದ ದನ ಮನೆ ದಾರಿ ಮರೆಯುವುದಿಲ್ಲ ಎಂದು ನಂಬಿಕೆ. ನಮ್ಮ ದೊಡ್ಡಿಯ ಹಿರಿಯ ನನ್ನ ದೊಡ್ಡಪ್ಪ ಸಿದ್ದಪ್ಪ. ಅಪ್ಪ ಸತ್ತ ಮೇಲೆ ನನ್ನನ್ನೂ ಅವ್ವನನ್ನೂ ನೋಡಿಕೊಂಡವನು ಅವನೇ. ನಾನು ಹೊಸೂರಿನ ಹೈಸ್ಕೂಲಿನಲ್ಲಿ ಓದಿದ್ದು ಅವನ ಬೆಣ್ಣೆಯಿಂದ.

ಪಾಸಾದ ಮೇಲೆ ನನಗೆ ಮೆಂಬರ್ರ ಬಂಗಲೆಯಲ್ಲಿ ಬರವಣಿಗೆ ಕೆಲಸ ಸಿಕ್ಕಿತು. ಕನ್ನಡ, ತೆಲುಗು, ತಮಿಳು ಮೂರೂ ಬರುತ್ತಿತ್ತು, ತಕ್ಕಮಟ್ಟಿಗೆ ಇಂಗ್ಲಿಷೂ ಬರುತ್ತಿತ್ತು. ಊರಲ್ಲಿ ಯಾರೂ ಅವರ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಮೆಂಬರ್ರು ಅಷ್ಟೇ. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ, ಗೌರವಕ್ಕಲ್ಲ. ಇಪ್ಪತ್ತರ ದಶಕದಲ್ಲಿ ಜರಿಪೇಟ ಕಟ್ಟಿಕೊಂಡು ಗವರ್ನರ ಕಡೆಯವರಾಗಿ ಸಭೆಗೆ ಹೋದವರು. ಗಾಳಿ ತಿರುಗಿದಾಗ ಪೇಟ ತೆಗೆದು ಖಾದಿ ಟೋಪಿ ಇಟ್ಟರು. ನಲವತ್ತೆರಡರಲ್ಲಿ ಹೊಸೂರಿನ ಹುಡುಗರು ಜೈಲಿಗೆ ಹೋಗುತ್ತಿದ್ದಾಗ ಅವರಿಗೆ ಮಂಡಿನೋವು ಬಂದು ಬೆಂಗಳೂರಿನಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ಹುಡುಗರು ಬಿಡುಗಡೆಯಾಗಿ ಬಂದಾಗ ಹಾರ ಹಿಡಿದು ಬಸ್ಸಿನ ಹತ್ತಿರ ನಿಂತಿದ್ದ ಮೊದಲಿಗರೂ ಅವರೇ. ಮಂಡಿ ಆಗ ಸರಿಹೋಗಿತ್ತು.

ಅವರು ಯಾರನ್ನೂ ಬೈದದ್ದು ನಾನು ಕಾಣೆ. ಮೆತ್ತಗೆ ಮಾತು, ಯಾರು ಬಂದರೂ ಕಾಫಿ. ಹಳ್ಳಿಗೆ ಹೋದರೆ ಪ್ರತಿಯೊಬ್ಬನ ಮನೆಯ ವಿಚಾರ ಹೆಸರು ಹಿಡಿದು ಕೇಳುತ್ತಿದ್ದರು. ಜನ ಅದಕ್ಕೇ ಕರಗಿಹೋಗುತ್ತಿದ್ದರು. ಆ ನೆನಪಿನ ಶಕ್ತಿಯ ಗುಟ್ಟು ನಾನು. ಹೊರಡುವ ಹಿಂದಿನ ದಿನ ಸಣ್ಣ ಸಣ್ಣ ಚೀಟಿ ಬರೆದು ಅವರ ಜೇಬಿಗೆ ಇಡುವುದು ನನ್ನ ಕೆಲಸ. ಇಂಥವನ ಮಗಳಿಗೆ ಕಾಲು ಮುರಿದಿತ್ತು, ವಿಚಾರಿಸಬೇಕು. ಇಂಥವನ ತಾಯಿ ತೀರಿಕೊಂಡು ಆರು ತಿಂಗಳಾಯಿತು, ನಿಟ್ಟುಸಿರು ಬಿಡಬೇಕು. ನಿಟ್ಟುಸಿರು ಎಂದು ನಾನೇ ಬರೆದಿದ್ದೇನೆ. ಇಪ್ಪತ್ತೆರಡರ ವಯಸ್ಸಿಗೆ ಅದೊಂದು ಜಾಣತನದ ಕೆಲಸ ಎಂದು ಹೆಮ್ಮೆಯೂ ಇತ್ತು.

ಹಾಲಿನ ಗಾಜಿನ ಬೀರುವಿನಲ್ಲಿ ಶಾಸನಸಭೆಯ ನಡಾವಳಿ ಪುಸ್ತಕಗಳಿದ್ದವು, ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ವಾರಕ್ಕೊಮ್ಮೆ ಧೂಳು ಒರೆಸುವಾಗ ಅವರ ಹೆಸರು ಹುಡುಕುತ್ತಿದ್ದೆ. ಒಂದು ಕಡೆ ಪ್ರವಾಸಿ ಬಂಗಲೆಯ ಕುರ್ಚಿಗಳ ಬಗ್ಗೆ ಪ್ರಶ್ನೆ. ಇನ್ನೊಂದು ಕಡೆ ಹೊಸೂರಿಗೆ ಟಪಾಲು ತಡವಾಗಿ ಬರುವ ಬಗ್ಗೆ. ಉಳಿದೆಡೆಯೆಲ್ಲ ಯಾರೋ ಹೇಳಿದ್ದನ್ನು ಅನುಮೋದಿಸಿ ಕೂತಿದ್ದರು. ಅಷ್ಟೂ ವರ್ಷದಲ್ಲಿ ಅಂಚೆಟ್ಟಿ ಎಂಬ ಹೆಸರು ಆ ಬೀರುವಿನೊಳಗೆ ನನಗೆ ಸಿಗಲಿಲ್ಲ. ಆಗಲೇ ಬುದ್ಧಿ ಬರಬೇಕಿತ್ತು.

ಆ ವರ್ಷ ಯುಗಾದಿಗೆ ಮುಂಚೆ ಚುನಾವಣೆ. ಮೆಂಬರ್ರು ಅಂಚೆಟ್ಟಿಯವರೆಗೆ ಕಾರಿನಲ್ಲಿ ಬಂದರು, ಅಲ್ಲಿಂದ ನಮ್ಮೂರಿಗೆ ದೊಡ್ಡಪ್ಪನ ಗಾಡಿಯಲ್ಲಿ. ಕೆಂದ ಎಂಬ ಎತ್ತು ಹೂಡಿದ್ದ. ಆಲಂಬಾಡಿ ತಳಿ, ದೊಡ್ಡಿಯಲ್ಲೇ ಹುಟ್ಟಿದ್ದು. ಊರಲ್ಲಿ ಓಟಿದ್ದದ್ದು ಆರೇ ಜನಕ್ಕೆ. ಇಂತಿಷ್ಟು ಎಂದು ಕಂದಾಯ ಕಟ್ಟುವವರಿಗೆ, ಓದು ಬರುವವರಿಗೆ ಬಿಟ್ಟರೆ ಉಳಿದವರಿಗೆ ಆಗ ಓಟಿರಲಿಲ್ಲ. ದೊಡ್ಡಪ್ಪನಿಗೂ ಇರಲಿಲ್ಲ. ಆದರೂ ಅವನೇ ಊರಿಗೆ ಹಿರಿಯ, ಅವನೇ ಗಾಡಿ ಹೂಡಿದ. ಮೆಂಬರ್ರು ಇಳಿದವರೇ ಅವನ ಎರಡೂ ಕೈ ಹಿಡಿದು, "ಮಗಳು ಗೌರಿ ಕಾಲು ಹೆಂಗದೆ ಸಿದ್ದಪ್ಪ? ಈಗ ನಡೀತವ್ಳಾ?" ಎಂದರು. ದೊಡ್ಡಪ್ಪನ ಕಣ್ಣಲ್ಲಿ ನೀರು. ಚೀಟಿ ಬರೆದವನು ಹಿಂದೆ ನಿಂತು ನೋಡುತ್ತಿದ್ದೆ.

"ಮೇಲ್ಗಾಡಿನ ದೊಡ್ಡಿ ಮುಚ್ತಾರಂತೆ ಅಂತ ಗಾರ್ಡು ಯೋಳ್ತಾನೆ ಸೋಮಿ," ಎಂದ ದೊಡ್ಡಪ್ಪ. "ದೊಡ್ಡಿ ಓದ್ರೆ ನಾವು ಓದಂಗೆ."

"ನಾನಿರೋವರ್ಗೂ ಯಾರಯ್ಯ ಮುಚ್ಚೋರು? ಊರೋರೆಲ್ಲ ಸೇರಿ ಒಂದು ಅರ್ಜಿ ಕೊಡಿ. ಸಭೆನಾಗೆ ಎದ್ದು ನಿಂತು ಕೇಳ್ತೀನಿ. ನಮ್ ಮಾದೇವ ಅವ್ನಲ್ಲ, ಅವ್ನೇ ಬರ್ಕೊಡ್ತಾನೆ."

ಊರವರೆಲ್ಲ ನನ್ನ ಕಡೆ ತಿರುಗಿ ನೋಡಿದರು. ಆ ಕ್ಷಣ ಎಷ್ಟು ಸಂತೋಷಪಟ್ಟೆ ಎಂದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಗೆದ್ದರು. ಅವರು ಸೋತದ್ದು ಯಾವತ್ತು? ಸಭೆ ಸೇರುವ ಹೊತ್ತಿಗೆ ಅರ್ಜಿ ಬರೆದೆ, ಅದೂ ಮೂರು ಸಲ ತಿದ್ದಿ. ದೊಡ್ಡಿ ಎಂದಿನಿಂದ ಇದೆ, ದನ ಯಾವ ದಾರಿಯಲ್ಲಿ ಹೋಗುತ್ತದೆ, ಯಾವ ಎಳೆಗಿಡ ಮುಟ್ಟುವುದಿಲ್ಲ, ದೊಡ್ಡಿ ಮುಚ್ಚಿದರೆ ರಾಗಿ ಹೊಲಗಳ ಗತಿ ಏನು ಎಲ್ಲವನ್ನೂ ಬರೆದೆ. ಮೆಂಬರ್ರ ಏಜೆಂಟ್ ವೆಂಕಟಸಾಮಿ ಅದನ್ನು ಓದಿ ತಲೆದೂಗಿದ. ಬಂಗಲೆಯ ಕಾಗದಪತ್ರವೆಲ್ಲ ಅವನ ಕೈಯಲ್ಲಿ.

"ಬೋ ಚೆನ್ನಾಗದೆ. ಆದ್ರೆ ಮದರಾಸಿನೋರಿಗೆ ಕೈಬರಹ ಆಗಲ್ಲ, ಇಂಗ್ಲಿಷ್ನಾಗೆ ಟೈಪ್ ಮಾಡಿಸ್ಬೇಕು. ಈ ಹಾಳೆ ತಗೊಂಡೋಗಿ ಕೆಳಗಡೆ ಹೆಬ್ಬೆಟ್ಟು ಒತ್ತಿಸ್ಕೊಂಡ್ ಬಾ. ಮೇಲ್ಗಡೆ ಟೈಪ್ ಮಾಡಿಸ್ತೀನಿ. ದನ ಮೇಲಕ್ಕೋದ್ರೆ ಆಮೇಲೆ ಜನ ಸಿಗ್ತಾರಾ ನಿಂಗೆ?"

ಇದರಲ್ಲಿ ವಿಚಿತ್ರವೇನೂ ಇರಲಿಲ್ಲ. ಅರ್ಜಿ ಬರೆಯುವವರೆಲ್ಲ ಹಾಗೇ ಮಾಡುತ್ತಿದ್ದರು. ಕಾಡಿನ ಊರುಗಳಲ್ಲಿ ಜನ ಒಟ್ಟಿಗೆ ಸಿಗುವುದು ವರ್ಷಕ್ಕೊಂದು ದಿನ. ಅವತ್ತು ಹೆಬ್ಬೆಟ್ಟು ತೆಗೆದುಕೊಳ್ಳಬೇಕು, ಬರವಣಿಗೆ ಆಮೇಲೆ ಪಟ್ಟಣದಲ್ಲಿ. ನಂಬಿಕೆಯ ಮೇಲೆ ನಡೆಯುತ್ತಿದ್ದ ಪದ್ಧತಿ. ಏಜೆಂಟ್ ಕೊಟ್ಟ ನಾಲ್ಕು ದಪ್ಪ ಬಿಳಿ ಹಾಳೆ, ತಗಡಿನ ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಊರಿಗೆ ನಡೆದೆ.

ದನ ಮೇಲೆ ಹೋಗುವ ದಿನ ಬೆಳಿಗ್ಗೆ. ಹಿಂದಿನ ದಿನ ಮಳೆ ಬಿದ್ದಿತ್ತು. ದೊಡ್ಡಿಯ ಬಾಗಿಲಲ್ಲಿ ಮಣ್ಣು ಸುರಿದಾಗಿತ್ತು, ದನಗಳು ಅದನ್ನು ತುಳಿದುಕೊಂಡು ಒಂದರ ಹಿಂದೊಂದು ಒಳಗೆ ಹೋದವು. ಬೂದಿ, ಕರಿಕೊಂಬಿ, ಕೆಂದಾಯಿ ಎಂದು ದೊಡ್ಡಪ್ಪ ಒಂದೊಂದರ ಹೆಸರೂ ಕರೆಯುತ್ತಿದ್ದ. ಆಮೇಲೆ ಗಂಡಸರೆಲ್ಲ ಸಾಲಾಗಿ ನಿಂತರು. ನಾನು ಒಂದು ಚಪ್ಪಡಿ ಕಲ್ಲಿನ ಮೇಲೆ ಹಾಳೆ ಹರಡಿ ನನ್ನ ಕರಡನ್ನು ಗಟ್ಟಿಯಾಗಿ ಓದಿದೆ. ಹೂಂ ಹೂಂ ಎಂದರು. ಡಬ್ಬಿಯ ಮುಚ್ಚಳ ತೆಗೆದೆ. ಮೊದಲು ಬಂದ ದೊಡ್ಡಪ್ಪ ಹೆಬ್ಬೆರಳನ್ನು ಮಸಿಗೆ ಒತ್ತಿದವನು ಹಾಳೆಯ ಮೇಲೆ ಕೈ ತಡೆದ.

"ಇದ್ರಾಗೆ ಏನೂ ಬರ್ದೇ ಇಲ್ವಲ್ಲಾ ಮಾದೇವ? ಬರೀ ಹಾಳೆಗೆ ಯಾಕ್ಲಾ ಒತ್ಬೇಕು?"

"ಆಮೇಲೆ ಟೈಪ್ ಮಾಡ್ತಾರೆ ದೊಡ್ಡಪ್ಪ. ಈಗ ಓದ್ದೆನಲ್ಲ, ಅದೇನೇ."

"ಅಂಗಂತೀಯಾ?"

"ನಾನಿಲ್ವಾ?" ಎಂದೆ.

ನಾನಿಲ್ವಾ. ಮೂರೇ ಅಕ್ಷರದ ಮಾತು. ಅವನು ಆಮೇಲೆ ಇನ್ನೊಂದು ಪ್ರಶ್ನೆ ಕೇಳಲಿಲ್ಲ, ಒತ್ತಿದ. ಅವನ ಹಿಂದೆ ನಲವತ್ತು ಜನ ಒತ್ತಿದರು. ಸಾಲಲ್ಲಿ ಕೆಲವರು ಮಸಿ ಹೆಚ್ಚಾಯಿತೆಂದು ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ನಗುತ್ತಿದ್ದರು. ಮಾರನೆಯ ದಿನವೇ ಹಾಳೆಗಳನ್ನೂ ನನ್ನ ಕರಡನ್ನೂ ವೆಂಕಟಸಾಮಿಯ ಕೈಗೆ ಕೊಟ್ಟೆ. ಟೈಪಾದ ಮೇಲೆ ತೋರಿಸಿ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಇತ್ತು, ಧೈರ್ಯ ಇರಲಿಲ್ಲ. ಇಷ್ಟು ವರ್ಷದ ಮೇಲೆ ಸುಳ್ಳು ಯಾಕೆ ಬರೆಯಲಿ.

ಶ್ರಾವಣದಲ್ಲಿ ಅವ್ವನಿಗೆ ಜ್ವರವೆಂದು ಊರಿಗೆ ಬಂದಿದ್ದೆ. ರಾಗಿ ಮೊಣಕಾಲೆತ್ತರ ಬಂದಿತ್ತು, ಆ ವರ್ಷದಂಥ ಬೆಳೆ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಒಂದು ಮಧ್ಯಾಹ್ನ ರೇಂಜರು ಇಬ್ಬರು ಗಾರ್ಡುಗಳ ಜೊತೆ ಬಂದು ಚಾವಡಿಯ ಮುಂದೆ ಜನ ಸೇರಿಸಿ ತಮಿಳಿನಲ್ಲಿ ಹುಕುಂ ಓದಿದ. ಮೇಲುಗಾಡಿನ ದೊಡ್ಡಿಗಳೆಲ್ಲ ಬಂದ್. ಹದಿನೈದು ದಿನದೊಳಗೆ ದನ ಹೊರಗೆ ಹೊಡೆಯಬೇಕು. ಊರಿನವರೇ ಕೊಟ್ಟ ಅರ್ಜಿಯ ಮೇರೆಗೆ ಸರ್ಕಾರ ಈ ತೀರ್ಮಾನ ತೆಗೆದುಕೊಂಡಿದೆ.

"ನಾವು ಯಾವ ಅರ್ಜಿ ಕೊಟ್ವು ಸೋಮಿ? ಮುಚ್ಬೇಡಿ ಅಂತ ತಾನೆ ಕೊಟ್ಟಿದ್ದು?" ಎಂದ ದೊಡ್ಡಪ್ಪ.

ರೇಂಜರು ಕಾಗದದ ಕಟ್ಟು ಬಿಚ್ಚಿ ತೋರಿಸಿ, ಇದು ನಿಮ್ಮ ಹೆಬ್ಬೆಟ್ಟೇ ತಾನೆ ಎಂದು ಕೇಳಿದ. "ಇದು ಉಂಗ ಕೈನಾಟ್ಟುದಾನೇ?"

ನನ್ನ ನಾಲ್ಕು ಹಾಳೆ. ಕೆಳಗೆ ನಮ್ಮವರ ಹೆಬ್ಬೆಟ್ಟುಗಳು, ಒಂದಕ್ಕೊಂದು ತಾಗಿಕೊಂಡು. ಮೇಲೆ ಅಚ್ಚುಕಟ್ಟಾದ ಇಂಗ್ಲಿಷ್ ಟೈಪು. ಕೈಯಿಂದ ಕಿತ್ತುಕೊಂಡು ಓದಿದೆ. ದೊಡ್ಡಿಗೆ ಬರುವ ಹೊರಗಿನ ದನಗಳಿಂದ ರೋಗ ಹರಡುತ್ತಿದೆ, ಎಳೆಗಿಡ ಉಳಿಯುತ್ತಿಲ್ಲ, ದೊಡ್ಡಿಗಳನ್ನು ದಯಮಾಡಿ ಮುಚ್ಚಿಸಬೇಕು, ಆ ಪ್ರದೇಶವನ್ನು ಬಿದಿರಿಗೂ ಚರ್ಮ ಹದ ಮಾಡುವ ತೊಗಟೆಗೂ ಗುತ್ತಿಗೆ ಕೊಟ್ಟರೆ ಊರಿನ ಬಡವರಿಗೆ ಕೂಲಿ ಸಿಗುತ್ತದೆ, ಈ ಬಗ್ಗೆ ನಮ್ಮ ಮಾನ್ಯ ಮೆಂಬರ್ರು ಸಭೆಯಲ್ಲಿ ಕೇಳಿದ ಪ್ರಶ್ನೆಗೆ ನಾವು ಕೃತಜ್ಞರು. ಅಂತೂ ಎದ್ದು ನಿಂತು ಕೇಳಿದ್ದರು. ಕೊಟ್ಟ ಮಾತಿನಂತೆ.

ಓಟು ಹಾಕುವುದಕ್ಕೆ ಈ ಜನಕ್ಕೆ ಯೋಗ್ಯತೆಯಿಲ್ಲ. ಓದು ಬರುವುದಿಲ್ಲ, ಕಂದಾಯ ಸಾಲದು. ಆದರೆ ಕಾಡು ಬಿಟ್ಟುಕೊಡುವುದಕ್ಕೆ ಅದೇ ಹೆಬ್ಬೆಟ್ಟು ಧಾರಾಳವಾಗಿ ಸಾಕು. ಇದನ್ನು ಯಾವ ಸಂಚಿಕೆಯಲ್ಲಿ ಹಾಕುತ್ತೀರಿ?

ನಾನು ಓದಿದ್ದನ್ನು ಕನ್ನಡದಲ್ಲಿ ಹೇಳಿದೆ. ಯಾರೂ ಕೂಗಾಡಲಿಲ್ಲ. ನನಗೆ ಹೊಡೆದಿದ್ದರೆ ಚೆನ್ನಾಗಿತ್ತು. ದೊಡ್ಡಪ್ಪ ನನ್ನ ಮುಖ ನೋಡದೆ ಎದ್ದು ಮೇಲುಗಾಡಿನ ದಾರಿ ಹಿಡಿದ.

ದನಗಳನ್ನು ಇಳಿಸಿದ್ದು ಸುರಿಯುವ ಮಳೆಯಲ್ಲಿ. ಊರಿನ ಸುತ್ತ ಎಲ್ಲಿ ನೋಡಿದರೂ ಎದ್ದು ನಿಂತ ರಾಗಿ. ಕಟ್ಟಲು ಜಾಗವಿಲ್ಲ, ಮೇಯಿಸಲು ಹುಲ್ಲಿಲ್ಲ. ಹಗ್ಗ ಕಂಡರಿಯದ ದನಗಳು ಗೂಟ ಕಿತ್ತು ಹೊಲಗಳಿಗೆ ನುಗ್ಗಿದವು. ನಿನ್ನ ದನ, ನನ್ನ ಹೊಲ ಎಂದು ಅಣ್ಣತಮ್ಮಂದಿರು ದೊಣ್ಣೆ ಎತ್ತಿದರು. ಒಂದು ಹುಲ್ಲುಕಡ್ಡಿಗೂ ಜಗಳವಾಡದ ಊರು ಅದು. ಡೆಂಕಣಿಕೋಟೆಯ ಮೂರು ಸಂತೆಗಳಲ್ಲಿ ಕೆಂಚನದೊಡ್ಡಿಯ ದನ ಮುಗಿಯಿತು. ಕೊಂಡವರು ಸಾಕುವವರಲ್ಲ. ಕೆಂದನನ್ನು ಬಿಟ್ಟು ಉಳಿದದ್ದನ್ನೆಲ್ಲ ದೊಡ್ಡಪ್ಪನೂ ಹೊಡೆದುಕೊಂಡು ಹೋದ, ಒಂದರ ಹೆಸರನ್ನೂ ಕರೆಯಲಿಲ್ಲ. ದೊಡ್ಡಿಯಿಂದ ಇಳಿದ ದಿನ ಅವನು ಬಾಗಿಲಿನ ಮಣ್ಣನ್ನು ಟವಲಿನಲ್ಲಿ ಗಂಟು ಕಟ್ಟಿಕೊಂಡು ಬಂದಿದ್ದ. ಕೆಸರಾಗಿದ್ದ ಆ ಮಣ್ಣನ್ನು ಹೊಲಕ್ಕೆ ಹಾಕದೆ ಹಟ್ಟಿಯ ಮೂಲೆಯಲ್ಲಿ ಇಟ್ಟ.

ನಾನು ಹೊಸೂರಿಗೆ ಹೋದೆ. ಮೆಂಬರ್ರು ಜಗಲಿಯ ತೂಗುಮಂಚದಲ್ಲಿ ಕೂತಿದ್ದರು, ವೆಂಕಟಸಾಮಿ ಪಕ್ಕದಲ್ಲಿ ಪೇಪರ್ ಓದಿ ಹೇಳುತ್ತಿದ್ದ.

"ಏನಪ್ಪ ಮಾದೇವ, ನೆನ್ಕೊಂಡ್ ಬಂದ್ಬುಟ್ಟಿದ್ದೀಯಾ. ತಲೆ ಒರೆಸ್ಕೋ. ಅವ್ವನ ಜ್ವರ ಬುಡ್ತಾ?" ಎಂದರು ಮೆಂಬರ್ರು.

ಆ ಚೀಟಿಯನ್ನು ಯಾರು ಬರೆದುಕೊಟ್ಟಿದ್ದರೋ. "ನಾನು ಬರ್ದಿದ್ದು ಬೇರೆ, ಹೋಗಿರೋದು ಬೇರೆ. ಆ ಹಾಳೆ ವಾಪಸ್ ಕೊಡಿಸಿ," ಎಂದೆ.

"ಅದು ಸರ್ಕಾರದ ಕಾಗದ ಆಗೋಯ್ತಲ್ಲಪ್ಪ." ದನಿ ಏರಲಿಲ್ಲ. "ನೋಡು, ಕಾಡು ಅಂದ್ರೆ ದೇಶದ್ದು. ಇವತ್ತಲ್ಲ ನಾಳೆ ಸ್ವರಾಜ್ಯ ಬತ್ತದೆ. ಆಗ ನಿನ್ನಂಥ ಓದ್ದೋರು ಬೇಕು. ದನ ಕಾಯೋರು ಎಲ್ಲಾದ್ರೂ ಕಾಯ್ಕೋತಾರೆ. ಕಾಫಿ ಕುಡಿ ಮೊದ್ಲು."

"ಗುತ್ತಿಗೆ ಯಾರಿಗಾಯ್ತು?"

ಉತ್ತರ ಕೊಟ್ಟದ್ದು ವೆಂಕಟಸಾಮಿ. "ಯಾರಿಗಾದ್ರೆ ನಿಂಗೇನ್ಲಾ? ಹೆಬ್ಬೆಟ್ಟು ಒತ್ತಿಸ್ಕೊಂಡ್ ಬಂದೋನು ನೀನೆ ತಾನೆ? ಕೇಸಾದ್ರೆ ಮೊದ್ಲು ಕಟಕಟೆನಾಗೆ ನಿಲ್ಲೋನೂ ನೀನೆ."

ಗುತ್ತಿಗೆ ಆದದ್ದು ಮೆಂಬರ್ರ ಅಳಿಯನಿಗೆ. ಹೊಸೂರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಫಿ ಲೋಟವನ್ನು ಅಲ್ಲೇ ಬಿಟ್ಟು ಬಂದೆ. ಎಸೆಯಬೇಕಿತ್ತು. ಮೆಲ್ಲಗೆ ಕೆಳಗಿಟ್ಟು ಬಂದೆ.

ಉಳಿದದ್ದು ಒಂದೇ ದಾರಿ. ಆ ಬರಹ ನಮ್ಮದಲ್ಲ, ಖಾಲಿ ಹಾಳೆಗೆ ಹೆಬ್ಬೆಟ್ಟು ತೆಗೆದುಕೊಂಡು ಮೋಸ ಮಾಡಿದ್ದಾರೆ ಎಂದು ಊರವರೆಲ್ಲ ಸೇರಿ ಕಲೆಕ್ಟರಿಗೆ ಇನ್ನೊಂದು ಅರ್ಜಿ ಕೊಡುವುದು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ, ಏಜೆಂಟ್ ಹೇಳಿದ್ದನ್ನೂ ನಾನು ಮಾಡಿದ್ದನ್ನೂ ಮುಚ್ಚಿಡಲಿಲ್ಲ. ಊರಿಗೆ ತಂದು ಚಾವಡಿಯಲ್ಲಿ ಮೂರು ಸಲ ಓದಿದೆ. ದೀಪದ ಮಸಿಗೆ ಹರಳೆಣ್ಣೆ ಕಲಸಿ ಬಟ್ಟಲಲ್ಲಿಟ್ಟೆ, ಆ ತಗಡಿನ ಡಬ್ಬಿಯನ್ನು ಮುಟ್ಟುವ ಮನಸ್ಸಿರಲಿಲ್ಲ. ಯಾರೂ ಮುಂದೆ ಬರಲಿಲ್ಲ. ಕೆಲವರು ಎದ್ದುಹೋದರು. ಕೊನೆಗೆ ದೊಡ್ಡಪ್ಪನ ಮುಂದೆ ಕೂತು ಬಟ್ಟಲು ಸರಿಸಿದೆ.

"ನೀನು ಒತ್ತಿದ್ರೆ ಎಲ್ರೂ ಒತ್ತಾರೆ ದೊಡ್ಡಪ್ಪ. ಈ ಸಲ ಬರ್ದಾಗದೆ. ಒಂದ್ ಸಾಲೂ ಖಾಲಿ ಇಲ್ಲ."

ಅವನು ಬಹಳ ಹೊತ್ತು ಹಾಳೆ ನೋಡಿದ. ಅಕ್ಷರ ಬಾರದವನು ಒಂದೊಂದು ಸಾಲನ್ನೂ ನೋಡಿದ.

"ನೀನು ಬರ್ದಿರೋದು ಸರಿಯಾಗೇ ಅದೆ ಕಣ್ಲಾ. ನಿನ್ ಮ್ಯಾಲೆ ನಂಗೆ ಸಿಟ್ಟಿಲ್ಲ. ಆದ್ರೆ ಈ ಬೆರಳು ಮ್ಯಾಲಕ್ಕೆ ಏಳಾಕಿಲ್ಲ," ಎಂದು ಬಲಗೈಯನ್ನು ಮುಂದೆ ಚಾಚಿದ. ಹೆಬ್ಬೆರಳನ್ನು ಒಳಗೆ ಮಡಚಿ ಉಳಿದ ನಾಲ್ಕು ಬೆರಳಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ.

ಮೋಸದ ಅರ್ಜಿಗೆ ನಲವತ್ತೊಂದು ಹೆಬ್ಬೆಟ್ಟು, ನಿಜದ ಅರ್ಜಿಗೆ ನನ್ನದೊಂದು ಸಹಿ. ಅದನ್ನೇ ಕಳಿಸಿದೆ. ಒಬ್ಬ ವ್ಯಕ್ತಿಯ ಹೇಳಿಕೆಯನ್ನು ಊರಿನ ಅಭಿಪ್ರಾಯವೆಂದು ಪರಿಗಣಿಸಲಾಗದು ಎಂದು ಎರಡು ಸಾಲಿನ ಉತ್ತರ ಬಂತು.

ಅದರ ಹಿಂದೆಯೇ ಇನ್ನೊಂದು ಕಾಗದ ಬಂತು. ಜವಳಗಿರಿಯ ಶಾಲೆಗೆ ನನ್ನನ್ನು ಮೇಷ್ಟ್ರಾಗಿ ನೇಮಿಸಿದ ಆರ್ಡರು. ನಾನು ಅರ್ಜಿ ಹಾಕಿರಲಿಲ್ಲ. ಯಾರು ಕೊಡಿಸಿದರು, ಯಾಕೆ ಕೊಡಿಸಿದರು ಎಂದು ಅದರಲ್ಲಿ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಎಂಟು ದಿನ ಅದನ್ನು ಸೂರಿಗೆ ಸಿಕ್ಕಿಸಿಟ್ಟಿದ್ದೆ. ಹಟ್ಟಿ ಖಾಲಿ, ಹೊಲ ತುಳಿದು ಹೋಗಿತ್ತು, ಅವ್ವನ ಜ್ವರ ಬಿಟ್ಟಿರಲಿಲ್ಲ. "ಓಗು ಮಗ. ನಿನ್ ಸಿಟ್ಟು ಉಂಡ್ಕೊಂಡು ನಾವು ಬದ್ಕಾಕಾಗಲ್ಲ," ಎಂದಳು ಅವ್ವ. ಹೋದೆ. ನಿವೃತ್ತಿಯಾಗುವವರೆಗೂ ಮೇಷ್ಟ್ರಾಗಿದ್ದೆ. ಈಗಲೂ ಅದರ ಪಿಂಚಣಿಯಲ್ಲೇ ಉಣ್ಣುತ್ತಿದ್ದೇನೆ. ಮಕ್ಕಳಿಗೆ ಅಆಇಈ ತಿದ್ದಿಸುವ ಮೊದಲು ಪ್ರತಿ ವರ್ಷವೂ ಒಂದು ಮಾತು ಹೇಳಿಕೊಡುತ್ತಿದ್ದೆ: ಓದದೆ ಏನಕ್ಕೂ ಒತ್ತಬೇಡಿ. ಅವರಿಗೆ ಅರ್ಥವಾಗುತ್ತಿರಲಿಲ್ಲ. ಅಷ್ಟರಿಂದ ನನ್ನ ಪಾಲು ತೀರುತ್ತದೆಂದು ನಾನೂ ನಂಬಿಲ್ಲ.

ಮೆಂಬರ್ರು ಆಮೇಲೂ ಗೆಲ್ಲುತ್ತಲೇ ಹೋದರು. ಸ್ವರಾಜ್ಯ ಬಂತು, ಎಲ್ಲರಿಗೂ ಓಟು ಬಂತು, ದೊಡ್ಡಪ್ಪನಿಗೂ ಬಂತು. ಮೊದಲ ಓಟಿನ ದಿನ ಹೊಸ ಪಂಚೆ ಉಟ್ಟು ಅಂಚೆಟ್ಟಿಯವರೆಗೆ ನಡೆದು ಹೋದ. ಬಾಗಿಲಲ್ಲಿ ಬೆರಳಿಗೆ ಮಸಿ ಹಚ್ಚುವುದನ್ನು ಕಂಡವನೇ ಹಿಂದಿರುಗಿ ಬಂದ. ಸಾಯುವವರೆಗೂ ಅವನು ಓಟು ಹಾಕಲಿಲ್ಲ, ಯಾವ ಕಾಗದಕ್ಕೂ ಒತ್ತಲಿಲ್ಲ. ಹೆಣ ಎತ್ತುವಾಗಲೂ ಬಲಗೈಯ ಹೆಬ್ಬೆರಳು ಹಾಗೇ ಒಳಗೆ ಮಡಚಿಕೊಂಡಿತ್ತು. ಹಟ್ಟಿಯ ಮೂಲೆಯಲ್ಲಿದ್ದ ಆ ಗಂಟಿನ ಮಣ್ಣನ್ನು ಅವನನ್ನು ಹೂಳಿದ ಗುಂಡಿಗೆ ಹಾಕಿದ್ದು ನಾನು.

ಸಮಿತಿಯವರೇ, ನೀವು ಕೇಳಿದ ಲೇಖನ ಇದು. ನಡುಗುವ ಕೈಯಲ್ಲಿ ಇಪ್ಪತ್ತು ದಿನ ಹಿಡಿಯಿತು. ಮೊದಲ ಪುಟಗಳು ಮೊಮ್ಮಗಳ ನೋಟುಬುಕ್ಕಿನವು, ಕೊನೆಯ ಎರಡು ನೀವು ಬಿಟ್ಟುಹೋದ ಹಾಳೆಗಳು. ಅಚ್ಚು ಹಾಕುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು. ಹಾಕಿದರೆ ಪೂರ್ತಿ ಹಾಕಿ. ಇವತ್ತು ಬೆಳಿಗ್ಗೆ ಇಷ್ಟನ್ನೂ ಎರಡು ಸಲ ಓದಿಕೊಂಡೆ. ಆಮೇಲೆ ನಿಮ್ಮ ಡಬ್ಬಿಯ ಮುಚ್ಚಳ ತೆಗೆದು, ನೀವು ಪೆನ್ಸಿಲಿನಲ್ಲಿ ಗುರುತು ಮಾಡಿದ ಜಾಗದಲ್ಲೇ ಹೆಬ್ಬೆಟ್ಟು ಒತ್ತಿದ್ದೇನೆ. ಮೆಂಬರ್ರ ಚಿತ್ರದಿಂದ ಅಲ್ಲಿಯವರೆಗೆ ಒಂದು ಸಾಲಿನಷ್ಟೂ ಜಾಗ ಬಿಟ್ಟಿಲ್ಲ.